ಕಿಗ್ಗದ ಬಾಟಲಿಯಲ್ಲಿ ಬಣ್ಣ ಬರಲಿಲ್ಲ

ಪ್ರೌಢಶಾಲೆಗೆ ಹೊಸದಾಗಿ ಸೇರಿದ ವಿಜ್ಞಾನದ ಮೇಷ್ಟ್ರುಗಳು ಆಗಾಗ ಕೊಪ್ಪದ ನಮ್ಮ ಮನೆಗೆ ಬರುತ್ತಾರೆ. ನಿವೃತ್ತನಾದವನಿಗೆ ಬೇರೆ ಕೆಲಸವಿಲ್ಲ ಎಂಬುದು ಅವರ ಲೆಕ್ಕಾಚಾರ. ಅದು ಸರಿಯೂ ಹೌದು. ಕಾಫಿ ಕುಡಿದು, ವರ್ಗಾವಣೆಯ ಸುದ್ದಿ ಮುಗಿಸಿ, ಕೊನೆಗೆ ವಿಷಯಕ್ಕೆ ಬರುತ್ತಾರೆ. "ಸರ್, ನಿಮ್ಮ ಹುಡುಗಿ ನ್ಯಾನೋ ಕಣದ ಪ್ರಾಜೆಕ್ಟಿಗೆ ರಾಜ್ಯಮಟ್ಟದಲ್ಲಿ ಮೊದಲ ಬಹುಮಾನ ತಗೊಂಡ್ಲಲ್ಲ, ಅದನ್ನ ಹೇಗೆ ಮಾಡಿಸಿದ್ರಿ?"

ಮಾಡಿಸಿದ್ದು ನಾನಲ್ಲ ಎಂದರೆ ವಿನಯ ಎಂದುಕೊಳ್ಳುತ್ತಾರೆ. ವಿನಯ ನನ್ನ ಸ್ವಭಾವದಲ್ಲೇ ಇಲ್ಲ, ನನ್ನ ಹೆಂಡತಿಯನ್ನು ಕೇಳಿದರೆ ಹೇಳುತ್ತಾಳೆ. ನಡೆದದ್ದನ್ನು ನಡೆದ ಹಾಗೆ ಒಮ್ಮೆ ಬರೆದಿಟ್ಟರೆ ಪ್ರತಿಯೊಬ್ಬರಿಗೂ ಹೇಳುವ ಕಷ್ಟ ತಪ್ಪುತ್ತದೆ ಎಂದು ಈಗ ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಊರಲ್ಲಿ ಎಷ್ಟು ವರ್ಷ ಇದ್ದೆ ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ, ಅದನ್ನು ಓದುವವರು ಯಾರೂ ಇಲ್ಲ. ನಾನು ಹೇಳಬೇಕಾದದ್ದು ಆ ಪುಸ್ತಕದಲ್ಲಿ ಇಲ್ಲದ್ದು.

ಮೊದಲು ಒಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನರಸಿಂಹರಾಜಪುರದ ಕಡೆಯ ಶಾಲೆಯೊಂದರಲ್ಲಿ ನಾನು ಹೊಸಬನಾಗಿದ್ದಾಗ ತಪಾಸಣೆಗೆ ಮೇಲಧಿಕಾರಿಯೊಬ್ಬರು ಬರುವವರಿದ್ದರು. ಎಲೆಯಲ್ಲಿ ಪಿಷ್ಟ ಇದೆ ಎಂದು ತೋರಿಸುವ ಪ್ರಯೋಗ ಮಾಡಬೇಕಿತ್ತು. ಎಲೆಯನ್ನು ಕುದಿಸಿ, ಅದರ ಹಸಿರು ತೆಗೆದು, ಅಯೋಡಿನ್ ಹನಿ ಹಾಕಿದರೆ ನೀಲಿ ಬಣ್ಣ ಬರಬೇಕು. ಪಠ್ಯಪುಸ್ತಕ ಬರೆದವರು ನಮ್ಮ ಆಷಾಢವನ್ನು ಕಂಡವರಲ್ಲ. ಹದಿನೈದು ದಿನದಿಂದ ಬಿಸಿಲಿನ ಮುಖ ಕಾಣದ ಎಲೆಯಲ್ಲಿ ಪಿಷ್ಟ ಎಲ್ಲಿಂದ ಬರಬೇಕು? ಬೆಳಗ್ಗೆ ಮಾಡಿ ನೋಡಿದೆ, ಬಣ್ಣ ಬರಲಿಲ್ಲ. ಇನ್ನೊಂದು ಎಲೆ ತಂದು ಮಾಡಿದೆ, ಅದರಲ್ಲೂ ಬರಲಿಲ್ಲ. ಹನ್ನೊಂದು ಗಂಟೆಗೆ ಸಾಹೇಬರ ಜೀಪು ಬಂತು. ಊಟದ ಡಬ್ಬಿಯ ಗಂಜಿಯಲ್ಲಿ ಬೆರಳು ಅದ್ದಿ ಎಲೆಗೆ ಸವರಿಬಿಟ್ಟೆ. ಎಂಥಾ ನೀಲಿ ಬಂತು ಅಂತೀರಿ! ಸಾಹೇಬರು ಬೆನ್ನು ತಟ್ಟಿದರು, ಮಕ್ಕಳು ಚಪ್ಪಾಳೆ ಹೊಡೆದರು.

ಬಿಸಿಲಿಲ್ಲದಿದ್ದರೆ ಎಲೆಯಲ್ಲಿ ಪಿಷ್ಟ ಇರುವುದಿಲ್ಲ ಎಂಬ ನಿಜವಾದ ಪಾಠ ಆ ದಿನ ನನ್ನ ಕೈಯಲ್ಲೇ ಇತ್ತು. ಅದನ್ನು ಗಂಜಿ ಹಚ್ಚಿ ಮುಚ್ಚಿದೆ. ಈ ಕೆಲಸದಲ್ಲಿ ನಾನು ಮೊದಲು ಕಲಿತ ವಿದ್ಯೆಯೇ ಇದು, ಪ್ರಯೋಗ ಆಗುವ ಹಾಗೆ ನೋಡಿಕೊಳ್ಳುವುದು. ಮುಂದೆ ಅದು ಎಷ್ಟು ರೂಢಿಯಾಯಿತೆಂದರೆ ಮಾಡುತ್ತಿದ್ದೇನೆ ಎಂದು ಗೊತ್ತಾಗುವುದೂ ನಿಂತುಹೋಯಿತು.

ಆಗಿನ ವಿಜ್ಞಾನ ಪ್ರದರ್ಶನಗಳೂ ಹಾಗೆಯೇ ಇದ್ದವು. ಥರ್ಮಾಕೋಲಿನ ಜ್ವಾಲಾಮುಖಿ, ಥರ್ಮಾಕೋಲಿನ ಹೃದಯ, ಬಲ್ಬು ಹತ್ತುವ ಸೌರಮಂಡಲ. ಮಕ್ಕಳು ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಿದ್ದರು, ಮಧ್ಯೆ ಯಾರಾದರೂ ಪ್ರಶ್ನೆ ಕೇಳಿದರೆ ಮತ್ತೆ ಮೊದಲಿನಿಂದ ಶುರು. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಈ ಪದ್ಧತಿ ಬದಲಾಯಿತು. ಮಾದರಿ ಬೇಡ, ಸಂಶೋಧನೆ ಬೇಕು ಎಂದರು. ಮಗು ತನ್ನ ಊರಿನದೇ ಒಂದು ಪ್ರಶ್ನೆ ಹಿಡಿಯಬೇಕು, ದಿನಚರಿ ಬರೆಯಬೇಕು, ಒಂದೇ ಪ್ರಯೋಗವನ್ನು ಹಲವು ಸಲ ಮಾಡಿ ಕೋಷ್ಟಕ ಹಾಕಬೇಕು. ಆದೇಶ ಓದಿ ನಾವೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತೆವು.

ಆ ಬಹುಮಾನದ ಹುಡುಗಿ ರಕ್ಷಿತಾ ಆಗ ಒಂಬತ್ತನೇ ತರಗತಿ. ಕೊಪ್ಪದಿಂದ ಅಷ್ಟೇನೂ ದೂರವಿಲ್ಲದ ನಮ್ಮ ಶಾಲೆಗೆ ನಡೆದೇ ಬರುತ್ತಿದ್ದಳು. ಮಾತು ಕಡಿಮೆ, ಆದರೆ ಹೇಳಿದ್ದನ್ನು ಹೇಳಿದ ಹಾಗೆ ನಂಬುವವಳಲ್ಲ. ಅವಳ ತಾಯಿ ಲಲಿತಮ್ಮ ಅಡಿಕೆ ಸುಗ್ಗಿಯಲ್ಲಿ ಬೇಯಿಸುವ ಶೆಡ್ಡಿಗೆ ಹೋಗುತ್ತಿದ್ದರು. ಸುಲಿದ ಹಸಿ ಅಡಿಕೆಯನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಪು ಮಂದ ನೀರಿಗೆ ನಮ್ಮಲ್ಲಿ ಚೊಗರು ಅನ್ನುತ್ತಾರೆ. ಅದನ್ನು ಡ್ರಮ್ಮಿನಲ್ಲಿ ತುಂಬಿಟ್ಟು ಮುಂದಿನ ಅಡಿಕೆಗೆ ಬೆರೆಸಿದರೆ ಅಡಿಕೆಗೆ ಒಳ್ಳೆಯ ಬಣ್ಣ ಕೂರುತ್ತದೆ. ಬಣ್ಣ ಚೆನ್ನಾಗಿದ್ದರೆ ಮಂಡಿಯಲ್ಲಿ ಮರ್ಯಾದೆ. ಚೊಗರಿಗೆ ಚಕ್ಕೆಯೋ ಸೊಪ್ಪೋ ಇನ್ನೇನೋ ಒಬ್ಬೊಬ್ಬರು ಒಂದೊಂದು ಹಾಕುತ್ತಾರೆ, ಏನು ಹಾಕುತ್ತೇವೆ ಎಂದು ಯಾರೂ ಬಾಯಿ ಬಿಡುವುದಿಲ್ಲ. ಲಲಿತಮ್ಮ ಹಂಡೆಯ ಮುಂದೆ ನಿಂತರೆ ಬಣ್ಣ ತಪ್ಪುವುದಿಲ್ಲ ಎಂದು ಹೆಸರಾಗಿತ್ತು.

ಒಂದು ದಿನ ಪಾಠ ಮುಗಿದ ಮೇಲೆ ಈ ಹುಡುಗಿ ಬಂದು, "ಸರ್, ಅಡಿಕೆ ಸುಲಿಯುವಾಗ ಕೈ ಕೊಯ್ಕಂಡ್ರೆ ಎಲ್ಲರೂ ಚೊಗರಲ್ಲಿ ಅದ್ದುತಾರೆ. ಗಾಯ ಕೀವಾಗಲ್ಲ ಅಂತಾರೆ. ನಿಜನಾ?" ಎಂದಳು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಮೇಷ್ಟ್ರಿಗೆ ಶೋಭೆಯಲ್ಲ ಎಂದು ಆಗ ತಾನೇ ತರಬೇತಿಯಲ್ಲಿ ಕೇಳಿ ಬಂದಿದ್ದ ನ್ಯಾನೋ ತಂತ್ರಜ್ಞಾನವನ್ನು ಅವಳ ಮೇಲೆ ಹೊರಿಸಿದೆ. ಬೆಳ್ಳಿಯ ಲವಣವನ್ನು ನೀರಲ್ಲಿ ಕರಗಿಸಿ, ಸಸ್ಯದ ರಸ ಬೆರೆಸಿದರೆ, ಆ ರಸದಲ್ಲಿರುವ ಒಗರಿನ ಅಣುಗಳು ಬೆಳ್ಳಿಯನ್ನು ಅತಿಸೂಕ್ಷ್ಮ ಕಣಗಳನ್ನಾಗಿ ಮಾಡುತ್ತವೆ. ಕಣಗಳು ಒಂದಕ್ಕೊಂದು ಅಂಟದ ಹಾಗೆ ಸುತ್ತಲೂ ಕಾವಲು ನಿಲ್ಲುತ್ತವೆ. ಅಂಥ ಬೆಳ್ಳಿಕಣ ಇದ್ದಲ್ಲಿ ಬೂಷ್ಟು, ರೋಗಾಣು ಬೆಳೆಯುವುದು ಕಷ್ಟ. ಚೊಗರು ಎಂದರೆ ಒಗರಿನ ಮುದ್ದೆಯೇ ಅಲ್ಲವೇ, ಅದರಲ್ಲೇ ಮಾಡು ಎಂದೆ.

"ಆ ಕಣ ಎಷ್ಟು ಸಣ್ಣದು ಸರ್?"

ಎಷ್ಟೋ ಸೊನ್ನೆ ಹಾಕಿ ಬೋರ್ಡಿನ ಮೇಲೆ ಬರೆದೆ. ಅವಳಿಗೆ ಸಮಾಧಾನವಾಗಲಿಲ್ಲ. ಮರುದಿನ ತಾನೇ ಗುಣಿಸಿಕೊಂಡು ಬಂದಳು. "ಒಂದು ಗೋಟಡಿಕೆನ ಭೂಮಿಯಷ್ಟು ದೊಡ್ಡದು ಮಾಡಿದ್ರೆ, ಆ ಕಣ ನಮ್ಮ ಶಾಲೆಯಷ್ಟಾಗುತ್ತೆ ಸರ್. ಸರಿಯಾ ನೋಡಿ." ನೋಡಿದೆ, ಸರಿಯಾಗಿತ್ತು. ಆವತ್ತಿನಿಂದ ನ್ಯಾನೋ ಅಂದರೇನು ಎಂದು ಯಾರು ಕೇಳಿದರೂ ನಾನು ಹೇಳುವುದು ಅವಳ ಲೆಕ್ಕವನ್ನೇ.

ಮೊದಲ ಪ್ರಯೋಗದಲ್ಲೇ ನಾನು ಎಡವಿದೆ. ಶಾಲೆಯ ನಲ್ಲಿ ನೀರಿಗೆ ಬೆಳ್ಳಿ ಲವಣ ಹಾಕಿದೊಡನೆ ಹಾಲಿನ ಹಾಗೆ ಬೆಳ್ಳಗಾಯಿತು. "ಬಂತು ನೋಡು ನ್ಯಾನೋ!" ಎಂದು ಕೂಗಿದೆ. ಪಕ್ಕದ ಕೋಣೆಯಿಂದ ಕನ್ನಡ ಮೇಷ್ಟ್ರು ಓಡಿ ಬಂದರು. ಹುಡುಗಿ ದಿನಚರಿಯಲ್ಲಿ ಬರೆದೂ ಬಿಟ್ಟಳು. ಮೂರು ದಿನ ಮೀಸೆ ತಿರುವಿದ ಮೇಲೆ ಹೊಳೆಯಿತು, ಅದು ನೀರಿಗೆ ಹಾಕಿದ್ದ ಬ್ಲೀಚಿಂಗ್ ಪುಡಿ ಬೆಳ್ಳಿಯ ಜೊತೆ ಸೇರಿ ಮಾಡಿದ ಕೆಲಸ. ಅಲ್ಲಿಂದ ಮುಂದೆ ಗ್ಯಾರೇಜಿನಿಂದ ಬ್ಯಾಟರಿಗೆ ಹಾಕುವ ಶುದ್ಧ ನೀರು ತರಿಸಿದೆ. ಇವೆಲ್ಲ ತರಬೇತಿಯಲ್ಲಿ ಹೇಳಿಕೊಡುವುದಿಲ್ಲ.

ಶೆಡ್ಡಿನ ಡ್ರಮ್ಮಿನಲ್ಲಿ ಹಿಂದಿನ ವರ್ಷ ತಾಯಿ ಮಾಡಿಟ್ಟ ಚೊಗರನ್ನು ರಕ್ಷಿತಾ ಸಣ್ಣ ಬಾಟಲಿಯಲ್ಲಿ ತಂದಳು. ಒಂದೇ ಹನಿ ಚೊಗರು, ಬಣ್ಣ ಕಾಣದಷ್ಟು ನೀರು, ಅದಕ್ಕೆ ಬೆಳ್ಳಿಯ ದ್ರಾವಣ. ಪಕ್ಕದಲ್ಲಿ ಬೆಳ್ಳಿ ಹಾಕದ ಇನ್ನೊಂದು ಬಾಟಲಿ. ಹತ್ತು ನಿಮಿಷದಲ್ಲಿ ಬೆಳ್ಳಿ ಹಾಕಿದ್ದು ಜೇನಿನ ಹಳದಿಗೆ ತಿರುಗಿತು, ಆಮೇಲೆ ಚಹಾದ ಬಣ್ಣ. ಲೇಸರ್ ಟಾರ್ಚು ಹಿಡಿದರೆ ಬಾಟಲಿಯೊಳಗೆ ಕೆಂಪು ಗೆರೆ ಎಳೆದಂತೆ ಕಂಡಿತು, ನೀರಲ್ಲಿ ಸೂಕ್ಷ್ಮ ಕಣಗಳಿವೆ ಎಂಬುದಕ್ಕೆ ಅದು ಗುರುತು. ಶಿವಮೊಗ್ಗದ ಕಾಲೇಜಿನವರು ದೊಡ್ಡ ಮನಸ್ಸು ಮಾಡಿ ತಮ್ಮ ಯಂತ್ರದಲ್ಲಿ ಇಟ್ಟು ನೋಡಿದರು. ಇದು ಬೆಳ್ಳಿಯ ನ್ಯಾನೋ ಕಣವೇ ಎಂದರು. ಆ ನೀರಲ್ಲಿ ಅದ್ದಿದ ಬಟ್ಟೆಚೂರನ್ನು ಒದ್ದೆ ಅನ್ನದ ಮೇಲೆ ಹಾಸಿ ಮಳೆಗಾಲದಲ್ಲಿ ಇಟ್ಟೆವು. ಸಾದಾ ಬಟ್ಟೆಯ ಕೆಳಗೆ ಮೂರನೇ ದಿನಕ್ಕೆ ಬೂಷ್ಟು ಹಿಡಿಯಿತು, ಇದರ ಕೆಳಗೆ ಹಿಡಿಯಲಿಲ್ಲ. ಆ ಹುಡುಗಿ ಹಿಗ್ಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೆಳ್ಳಿ ಲವಣ ತಾಗಿ ಅವಳ ಬೆರಳುಗಳು ಕಪ್ಪಾಗಿದ್ದವು, ಅದನ್ನು ಎಲ್ಲರಿಗೂ ತೋರಿಸಿಕೊಂಡು ಓಡಾಡಿದಳು.

ಕೋಷ್ಟಕ ತುಂಬ ಚಿಕ್ಕದಾಯಿತು, ಬೇರೆ ಊರಿನ ಚೊಗರನ್ನೂ ಸೇರಿಸೋಣ ಎಂದವನು ನಾನೇ. ಕಿಗ್ಗದಲ್ಲಿ ನನ್ನ ಷಡ್ಡಕನ ಮನೆಯಿಂದ ಒಂದು ಬಾಟಲಿ, ನೆಮ್ಮಾರಿನ ಹಳೆಯ ಶಿಷ್ಯನಿಂದ ಇನ್ನೊಂದು ಬಾಟಲಿ ಚೊಗರು ತರಿಸಿದೆ. ಒಂದೊಂದರಲ್ಲೂ ಎರಡೆರಡು ಸಲ ಮಾಡಿದೆವು. ಹತ್ತು ನಿಮಿಷ ಕಳೆಯಿತು, ಗಂಟೆ ಕಳೆಯಿತು, ಸಂಜೆ ಬೆಲ್ಲೂ ಹೊಡೆಯಿತು. ಎರಡೂ ಊರಿನ ಬಾಟಲಿಗಳು ನೀರಿನ ಹಾಗೆಯೇ ನಿಂತಿದ್ದವು.

ರಕ್ಷಿತಾ ಆ ಬಾಟಲಿಗಳನ್ನು ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಏನೋ ಬಂದು ಹೋಯಿತು. ನಾನು ಅದನ್ನು ಬೇಸರ ಎಂದುಕೊಂಡೆ.

"ಅವರ ಚೊಗರು ಹಾಳಾಗಿರಬೇಕು. ಆ ನಾಲ್ಕು ಸಾಲು ಕೋಷ್ಟಕದಲ್ಲಿ ಬೇಡ, ತೆಗಿ" ಎಂದೆ.

"ತೆಗೀಬಹುದಾ ಸರ್?"

"ಆಗದೆ ಇದ್ದದ್ದನ್ನ ಯಾರಾದ್ರೂ ಪ್ರದರ್ಶನಕ್ಕೆ ಇಡ್ತಾರಾ? ತೆಗಿ."

ತೆಗೆದಳು. ಜಿಲ್ಲಾ ಮಟ್ಟದಲ್ಲಿ ಮೊದಲ ಸ್ಥಾನ ಬಂತು. ಪತ್ರಿಕೆಯಲ್ಲಿ ಫೋಟೋ ಬಂತು, ಹುಡುಗಿಯ ಪಕ್ಕ ನಾನು, ನನ್ನ ಪಕ್ಕ ನಮ್ಮ ಮುಖ್ಯೋಪಾಧ್ಯಾಯರು. ಈ ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ. ಮಕ್ಕಳಿಗೆ ಬಿಸಿಯೂಟ ಸರಿಯಾಗಿ ಸಿಗಬೇಕೆಂದು ಅಡುಗೆಮನೆಯಲ್ಲೇ ಕೂರುತ್ತಿದ್ದವರು. ಆದರೆ ಅವರಿಗೆ ಗೆದ್ದದ್ದು ಮಾತ್ರ ಕಣ್ಣಿಗೆ ಬೀಳುತ್ತಿತ್ತು, ಅದರಲ್ಲಿ ನಾವಿಬ್ಬರೂ ಒಂದೇ ಬಳ್ಳಿಯ ಹೂಗಳು.

ಜಿಲ್ಲೆಯಿಂದ ಬಂದ ಮರುವಾರ ಹುಡುಗಿ ಸಿಬ್ಬಂದಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ಸರ್, ಆ ನಾಲ್ಕು ಸಾಲು ಮತ್ತೆ ಸೇರಿಸ್ತೀನಿ."

"ಎಂತಕ್ಕೆ?"

"ಪೇಪರಲ್ಲಿ ಬಂದಿದೆ ಅಲ್ವಾ. ಕಿಗ್ಗದಲ್ಲಿ ಯಾರಾದ್ರೂ ಅವರ ಚೊಗರಲ್ಲಿ ಮಾಡಿ ನೋಡಿದ್ರೆ ಬಣ್ಣ ಬರಲ್ಲ. ಆಗ ನನ್ನ ಸುಳ್ಳಿ ಅಂತಾರೆ."

ನನಗೆ ಸಿಟ್ಟು ಬಂತು. ಗೆದ್ದ ಎತ್ತಿನ ಬಾಲ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಾಳಲ್ಲ ಎನಿಸಿತು. "ಸೇರಿಸಿದ್ರೆ ಯಾಕೆ ಬರಲಿಲ್ಲ ಅಂತ ಕೇಳ್ತಾರೆ. ಎಂತ ಹೇಳ್ತಿ?"

ಅವಳು ನೆಲ ನೋಡಿದಳು. "ನಂಗೆ ಗೊತ್ತು ಸರ್. ಆದ್ರೆ ಹೇಳಕ್ಕಾಗಲ್ಲ. ಅಮ್ಮ ಬಯ್ತಾರೆ."

ಮೊದಲ ದಿನದಿಂದಲೇ ಅವಳಿಗೆ ಕಾರಣ ಗೊತ್ತಿತ್ತು ಎಂಬುದು ನನಗೆ ಹೊಳೆದದ್ದು ಆಗ. ನಾನು ಸಾಲು ತೆಗಿ ಅಂದಾಗ ಅವಳಿಗೆ ಒಳಗೊಳಗೇ ಬಿಡುಗಡೆಯಾಗಿತ್ತು. ಜಿಲ್ಲೆಯ ಬಹುಮಾನ ಆ ಬಿಡುಗಡೆಯನ್ನು ಕಸಿದುಕೊಂಡಿತ್ತು.

ಅದೇ ದಿನ ಶಾಲೆ ಬಿಟ್ಟ ಮೇಲೆ ಶೆಡ್ಡಿಗೆ ಹೋದೆ. ಸುಗ್ಗಿಯ ಕಾಲ. ಲಲಿತಮ್ಮ ಹಂಡೆಯ ಮುಂದೆ ನಿಂತು ಉದ್ದನೆಯ ಜಾಲರಿ ಸಟ್ಟುಗದಿಂದ ಅಡಿಕೆ ಎತ್ತಿ ಎತ್ತಿ ನೋಡುತ್ತಿದ್ದರು. ನನ್ನನ್ನು ಕಂಡು ಸೆರಗಿನಿಂದ ಮುಖ ಒರೆಸಿಕೊಂಡು ಆಚೆ ಬಂದರು. ವಿಷಯ ಹೇಳಿದೆ. ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡು ಮೆಲ್ಲಗೆ ಹೇಳಿದರು.

"ಸುಣ್ಣ, ಮೇಷ್ಟ್ರೆ. ಸುಣ್ಣದ ತಿಳಿ. ಒಲೆಯಿಂದ ಇಳಿಸಿ, ಹಬೆ ಹೋದ ಮೇಲೆ ಹಾಕ್ತೀನಿ. ನಮ್ಮಮ್ಮ ಕಲಿಸಿದ್ದು. ಸುತ್ತಮುತ್ತ ಯಾರಿಗೂ ಇದು ಗೊತ್ತಿಲ್ಲ."

ನನಗೆ ತಲೆಗೆ ಹೊಡೆದ ಹಾಗಾಯಿತು. ಸುಣ್ಣ ಬಿದ್ದ ಕೂಡಲೇ ಚೊಗರು ಕ್ಷಾರವಾಗುತ್ತದೆ, ಕ್ಷಾರದಲ್ಲಿ ಒಗರಿನ ಅಣುಗಳು ಬೆಳ್ಳಿಯ ಮೇಲೆ ಹತ್ತುಪಟ್ಟು ಚುರುಕಾಗಿ ಕೆಲಸ ಮಾಡುತ್ತವೆ. ಕೆಲಸ ಮಾಡಿದ್ದು ಬರಿಯ ಚೊಗರಲ್ಲ, ಈ ಹೆಂಗಸಿನ ಕೈಯ ಸುಣ್ಣ. ಇಷ್ಟು ತಿಂಗಳು ನಾನು ಪೇಟೆಯಿಂದ ಶುದ್ಧ ನೀರು ತರಿಸಿದೆ, ಯಂತ್ರ ಹುಡುಕಿಕೊಂಡು ಶಿವಮೊಗ್ಗಕ್ಕೆ ಹೋದೆ. ಚೊಗರು ಮಾಡಿದವರನ್ನು 'ಇದಕ್ಕೆ ಏನು ಹಾಕಿದ್ದೀರಿ' ಎಂದು ಒಂದು ಮಾತು ಕೇಳಿರಲಿಲ್ಲ.

"ಇದನ್ನ ಬರೆದ್ರೆ ಪ್ರಾಜೆಕ್ಟ್ ಪೂರ್ತಿಯಾಗುತ್ತೆ ಲಲಿತಮ್ಮ. ನಿಮ್ಮ ಮಗಳಿಗೆ ರಾಜ್ಯದಲ್ಲೇ ಬಹುಮಾನ ಬರಬಹುದು."

"ಬ್ಯಾಡ."

"ಒಂದು ಚಿಟಿಕೆ ಸುಣ್ಣ ಅಲ್ವಾ ಮಾರಾಯ್ರೆ, ಅದರಲ್ಲಿ ಎಂತ ಇದೆ?"

"ಎಂತ ಇದೆಯಾ? ಈಗ ನನ್ನ ಕೈ ಬೇಕು ಅಂತ ಕರೀತಾರೆ. ಸುಣ್ಣ ಹಾಕಿದ್ರೆ ಸಾಕು ಅಂತ ನೀವು ಬರೆದ್ರೆ ಸುಣ್ಣ ತರ್ತಾರೆ. ನನ್ನ ಯಾಕೆ ಕರೀತಾರೆ?" ಎಂದು ಕೇಳಿ ಲಲಿತಮ್ಮ ಹಂಡೆಯ ಹತ್ತಿರ ಹೋಗಿಬಿಟ್ಟರು. ಗಂಡನಿಲ್ಲದ ಮನೆ ಅದು. ವರ್ಷದ ಅರ್ಧ ಅನ್ನ ಆ ಹಂಡೆಯಿಂದ ಬರುತ್ತಿತ್ತು.

ಮುಖ್ಯೋಪಾಧ್ಯಾಯರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಹುಡುಗಿ ಸುಮ್ನಿರಲಿ, ಆ ತಾಯಿ ಸುಮ್ನಿರಲಿ, ನೀವೂ ಸುಮ್ನಿರಿ. ಜಿಲ್ಲೆಗೆ ಕಳಿಸಿದ ಚಾರ್ಟನ್ನೇ ರಾಜ್ಯಕ್ಕೆ ಕಳಿಸೋಣ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಕಣ್ರೀ."

ಅವರ ಮಾತು ನನಗೆ ಹಿತವಾಗಿತ್ತು, ಅದಕ್ಕೇ ಒಪ್ಪಿಕೊಂಡೆ. ಚಾರ್ಟು ಹಾಗೇ ಅಚ್ಚಾಯಿತು. ರಕ್ಷಿತಾಳಿಗೆ, "ತಾಯಿ ಅನ್ನಕ್ಕೆ ಕಲ್ಲು ಹಾಕೋದು ಬೇಡ, ಸುಮ್ನಿರು" ಎಂದೆ. ತಾಯಿಯ ಕಷ್ಟವನ್ನು ನನ್ನ ಅನುಕೂಲಕ್ಕೆ ಬಳಸಿಕೊಳ್ಳುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ಅವಳು ಅಚ್ಚಾದ ಚಾರ್ಟನ್ನು ಸುರುಳಿ ಸುತ್ತಿಕೊಂಡು ಹೋದಳು.

ಹೆಣ್ಣುಮಗುವಿನ ಜೊತೆ ಮೇಷ್ಟ್ರು ಹೊರಟರೆ ಮನೆಯ ಹೆಂಗಸೊಬ್ಬರು ಜೊತೆಗೆ ಬರಬೇಕೆಂದು ನಿಯಮ. ಎರಡು ದಿನದ ಕೂಲಿ ಬಿಟ್ಟು ಲಲಿತಮ್ಮ ಬಂದರು. ರಾಜ್ಯಮಟ್ಟದ ಸ್ಪರ್ಧೆ ಮೈಸೂರಿನಲ್ಲಿತ್ತು. ಬಸ್ಸಿನಲ್ಲಿ ತಾಯಿ ಮಗಳು ಒಂದೇ ಸೀಟಿನಲ್ಲಿ ಕೂತಿದ್ದರು, ಮಾತು ಮಾತ್ರ ಕಡಿಮೆ. ತೊಡೆಯ ಮೇಲಿನ ಡಬ್ಬಿಯನ್ನು ಹುಡುಗಿ ಕೆಳಗಿಡಲಿಲ್ಲ. ಅದರಲ್ಲಿ ಬಾಟಲಿಗಳಿದ್ದವು.

ಬೆಳಗ್ಗೆ ದೊಡ್ಡ ಸಭಾಂಗಣದಲ್ಲಿ ಮೇಜುಗಳನ್ನು ಸಾಲಾಗಿ ಹಾಕಿದ್ದರು. ಮಕ್ಕಳು ಒಳಗೆ, ನಾವು ಹಗ್ಗದ ಆಚೆ. ಮಾರ್ಗದರ್ಶಿ ಶಿಕ್ಷಕರು ಮಾತಾಡಕೂಡದು ಎಂದು ಮೈಕಿನಲ್ಲಿ ಮೂರು ಸಲ ಹೇಳಿದರು. ನಮ್ಮ ಮೇಜಿನ ಕಡೆ ಕಣ್ಣು ಹಾಯಿಸಿದವನು ಹಗ್ಗಕ್ಕೆ ಒತ್ತಿ ನಿಂತು ಮತ್ತೊಮ್ಮೆ ನೋಡಿದೆ. ನುಣುಪಾದ ಅಚ್ಚಿನ ಚಾರ್ಟಿನಲ್ಲಿ, ಕೋಷ್ಟಕದ ಕೆಳಗೆ, ನೀಲಿ ಸ್ಕೆಚ್ ಪೆನ್ನಿನಲ್ಲಿ ಕೈಬರಹದ ನಾಲ್ಕು ಸಾಲು ಇತ್ತು. ಕಿಗ್ಗ, ಬಣ್ಣ ಬರಲಿಲ್ಲ. ಕಿಗ್ಗ, ಬಣ್ಣ ಬರಲಿಲ್ಲ. ನೆಮ್ಮಾರ್, ಬಣ್ಣ ಬರಲಿಲ್ಲ. ನೆಮ್ಮಾರ್, ಬಣ್ಣ ಬರಲಿಲ್ಲ. ಆ ಎರಡು ಊರಿನ ಚೊಗರಿನಲ್ಲಿ ಹೊಸದಾಗಿ ಮಾಡಿದ ಎರಡು ಬಾಟಲಿಗಳನ್ನೂ ಮುಂದೆ ಇಟ್ಟುಕೊಂಡಿದ್ದಳು, ಎರಡೂ ನೀರಿನ ಹಾಗೆ ಇದ್ದವು.

ನಿರ್ಣಾಯಕರು ಮೂವರು ಬಂದರು. ಹಿರಿಯರಾದ ಒಬ್ಬ ಮಹಿಳೆ, ಇಬ್ಬರು ಗಂಡಸರು. ಹುಡುಗಿ ತಡವರಿಸದೆ ಎಲ್ಲ ಹೇಳಿದಳು, ಅಡಿಕೆಯನ್ನು ಭೂಮಿ ಮಾಡಿದ ಲೆಕ್ಕ ಕೇಳಿ ಮೂವರೂ ನಕ್ಕರು. ಆಮೇಲೆ ಆ ಹಿರಿಯ ಮಹಿಳೆಯ ಬೆರಳು ನೀಲಿ ಸಾಲುಗಳ ಮೇಲೆ ನಿಂತಿತು.

"ಇವೆರಡರಲ್ಲಿ ಯಾಕೆ ಬಣ್ಣ ಬಂದಿಲ್ಲಮ್ಮ?"

"ಕಾರಣ ಗೊತ್ತು ಮೇಡಂ. ಹೇಳಕ್ಕಾಗಲ್ಲ."

"ಯಾಕೆ?"

"ಅದು ನಮ್ಮಮ್ಮನ ವಿದ್ಯೆ. ಅವರ ಕೆಲಸ ಅದರಿಂದ ನಡೆಯುತ್ತೆ. ಹೇಳಬೇಡ ಅಂದಿದಾರೆ."

ಜೊತೆಗಿದ್ದ ಗಂಡಸರಲ್ಲಿ ಒಬ್ಬರು ಫೈಲು ಮುಚ್ಚಿದರು. "ವಿಜ್ಞಾನದಲ್ಲಿ ಗುಟ್ಟು ನಡೆಯಲ್ಲ ಮಗು."

"ಹಾಗಾದ್ರೆ ಅದರ ಅಂಕ ಕಳೀರಿ ಸರ್. ಬಣ್ಣ ಬರಲಿಲ್ಲ ಅನ್ನೋದಂತೂ ನಿಜ. ಅದನ್ನ ಬರೆದಿದೀನಿ."

ಸಭಾಂಗಣದ ಗದ್ದಲದಲ್ಲಿ ಲಲಿತಮ್ಮನಿಗೆ ಸರಿಯಾಗಿ ಕೇಳಿಸಿರಲಿಲ್ಲ. "ಎಂತ ಕೇಳ್ತಿದಾರೆ ಮೇಷ್ಟ್ರೆ? ಮಗು ಯಾಕೆ ಹಾಗೆ ನಿಂತಿದೆ?" ಎಂದು ನನ್ನ ತೋಳು ಹಿಡಿದರು. ನಡೆದದ್ದನ್ನು ಹೇಳಿದೆ. ಏನೂ ಸೇರಿಸಲಿಲ್ಲ, ಬಿಡಲಿಲ್ಲ. ಇಷ್ಟು ವರ್ಷದಲ್ಲಿ ನಾನು ಮಾಡಿದ ಅತ್ಯಂತ ಸರಿಯಾದ ಪಾಠ ಅದೇ ಇರಬೇಕು.

ಆಕೆ ಮಗಳನ್ನು ಒಂದು ಕ್ಷಣ ನೋಡಿದರು. ಹುಡುಗಿ ಎರಡು ಕೈಯಲ್ಲೂ ಮೇಜಿನ ಅಂಚು ಹಿಡಿದು ನಿಂತಿದ್ದಳು, ಕಣ್ಣು ತುಂಬಿತ್ತು, ಬಾಯಿ ಮಾತ್ರ ಬಿಗಿದಿತ್ತು. ಲಲಿತಮ್ಮ ಬಗ್ಗಿ ಹಗ್ಗದ ಕೆಳಗಿನಿಂದ ನುಸುಳಿ ಒಳಗೆ ಹೋದರು. ಸ್ವಯಂಸೇವಕರು "ಅಮ್ಮಾ, ಅಮ್ಮಾ" ಎನ್ನುತ್ತಲೇ ಉಳಿದರು.

ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ ಸುಣ್ಣದ ಡಬ್ಬಿ ತೆಗೆದರು. ಮೇಜಿನ ಮೇಲಿದ್ದ ಲೋಟದ ನೀರಿಗೆ ಉಗುರಿನ ತುದಿಯಷ್ಟು ಸುಣ್ಣ ಕದಡಿ, ತಿಳಿಯಾಗಲು ಬಿಟ್ಟರು. ಅಷ್ಟು ಹೊತ್ತು ಮೂವರು ನಿರ್ಣಾಯಕರೂ ಕಾದರು. ಆಮೇಲೆ ಆಕೆ ತಿಳಿಯಲ್ಲಿ ಬೆರಳು ಅದ್ದಿ, ಕಿಗ್ಗದ ಬಾಟಲಿಗೆ ಹನಿ ಬೀಳಿಸಿದರು. ಒಂದು ಹನಿ, ಎರಡು ಹನಿ. ಮೂರನೆಯದಕ್ಕೆ ಬಾಟಲಿಯ ಮೇಲ್ಭಾಗ ಹಳದಿಯಾಯಿತು. ಕದಡಿದರು. ನೋಡನೋಡುತ್ತಿದ್ದಂತೆ ಇಡೀ ಬಾಟಲಿ ಚಹಾದ ಬಣ್ಣಕ್ಕೆ ತಿರುಗಿತು.

"ಇದೇ. ಬರ್ಕೊಳ್ಳಿ" ಎಂದರು ಲಲಿತಮ್ಮ.

ಹಿರಿಯ ಮಹಿಳೆ ಲಲಿತಮ್ಮನ ಕಡೆ ತಿರುಗಿ ಒಂದರ ಮೇಲೊಂದು ಪ್ರಶ್ನೆ ಕೇಳತೊಡಗಿದರು. ಎಷ್ಟು ಹಾಕುತ್ತೀರಿ? ಕುದಿಯುವಾಗ ಯಾಕೆ ಹಾಕುವುದಿಲ್ಲ? ಹೆಚ್ಚಾದರೆ ಏನಾಗುತ್ತದೆ? "ಕುದಿಯುವಾಗ ಹಾಕಿದ್ರೆ ಮಡ್ಡಿ ಕೂರುತ್ತೆ. ಹೆಚ್ಚಾದ್ರೆ ಅಡಿಕೆ ಕರಿ ಮೋರೆ ಮಾಡುತ್ತೆ" ಎಂದು ಆಕೆ ಶೆಡ್ಡಿನಲ್ಲಿ ಹೇಳುವ ಹಾಗೆಯೇ ಹೇಳಿದರು. ಫೈಲು ಮುಚ್ಚಿದವರು ಮತ್ತೆ ತೆರೆದು ಬರೆದುಕೊಂಡರು. ರಕ್ಷಿತಾ ತಾಯಿಯ ಸೆರಗು ಹಿಡಿದು ನಿಂತು ಅಳುತ್ತಿದ್ದಳು. ನನಗೂ ಅಳು ಬಂತು, ಅದನ್ನು ಹೇಳಿಕೊಳ್ಳಲು ಸಂಕೋಚವೇನಿಲ್ಲ.

ಮೊದಲ ಬಹುಮಾನ ಬಂತು. ಪ್ರಮಾಣಪತ್ರದಲ್ಲಿ ಮೂರು ಜಾಗವಿತ್ತು. ವಿದ್ಯಾರ್ಥಿಯ ಹೆಸರು, ಶಾಲೆಯ ಹೆಸರು, ಮಾರ್ಗದರ್ಶಿ ಶಿಕ್ಷಕರ ಹೆಸರು. ನಾಲ್ಕನೆಯ ಜಾಗ ಇರಲಿಲ್ಲ. ವೇದಿಕೆಯ ಮೇಲೆ ನನಗೊಂದು ಶಾಲು ಹೊದಿಸಿದರು. ಮುಖ್ಯೋಪಾಧ್ಯಾಯರು ಫೋನಿನಲ್ಲಿ, "ನಾನು ಹೇಳಿರಲಿಲ್ವಾ ಗೆಲ್ತೀವಿ ಅಂತ" ಎಂದರು. ಮನುಷ್ಯನ ನೆನಪು ಎಷ್ಟು ಉಪಕಾರಿ ನೋಡಿ.

ಪತ್ರಿಕೆಯವರು ಈ ಸಲ ಸುಣ್ಣದ ಸಮೇತ ಬರೆದರು. ಮುಂದಿನ ಸುಗ್ಗಿಯಲ್ಲಿ ಶೆಡ್ಡುಗಳಲ್ಲಿ ಸುಣ್ಣದ ತಿಳಿ ಹಾಕಿ ನೋಡಿದರು. ಲಲಿತಮ್ಮನ ಕೈಗುಣ ಬೇರೆಯವರಿಗೆ ಒಲಿಯಲಿಲ್ಲ, ಅವರನ್ನೇ ಮತ್ತೆ ಕರೆಸಬೇಕಾಯಿತು ಎಂದು ಬರೆದರೆ ಓದುವ ನಿಮಗೆ ಸಮಾಧಾನವಾದೀತು. ಹಾಗಾಗಲಿಲ್ಲ. ಬಣ್ಣ ಬಂತು, ಚೆನ್ನಾಗಿಯೇ ಬಂತು. ಶೆಡ್ಡಿನವರು ಆಕೆಗೆ ಸುಲಿಯುವ ಕೆಲಸಕ್ಕೆ ಬಾ ಎಂದರಂತೆ. ಹಂಡೆಯ ಮುಂದೆ ನಿಂತವರು ಅದೇ ಶೆಡ್ಡಿನ ಮೂಲೆಯಲ್ಲಿ ಸುಲಿಯಲು ಕೂರುವುದು ಸುಲಭವಲ್ಲ. ಆಕೆ ಹೋಗಲಿಲ್ಲ.

ಅದೇ ವರ್ಷ ನಾನು ನಿವೃತ್ತನಾದೆ. ಬೀಳ್ಕೊಡುಗೆಯಲ್ಲಿ ಎಲ್ಲರೂ ಆ ಬಹುಮಾನದ ಬಗ್ಗೆಯೇ ಮಾತಾಡಿದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದು ವಾರದ ನಂತರ ನರಸಿಂಹರಾಜಪುರದ ರಸ್ತೆಯಲ್ಲಿ ಲಲಿತಮ್ಮ ಕೆಲಸಕ್ಕೆ ಹೋಗುತ್ತಿದ್ದ ಸಸಿ ನರ್ಸರಿಗೆ ಹೋದೆ. ಹಸಿರು ಬಲೆಯ ನೆರಳಲ್ಲಿ ಕೂತು ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುತ್ತಿದ್ದರು. ಮಗಳು ಹತ್ತನೇ ತರಗತಿ ಚೆನ್ನಾಗಿ ಓದುತ್ತಿದ್ದಾಳೆ ಎಂದರು. ನನಗೆ ಕೂರಲು ಒಂದು ಡಬ್ಬ ಬೋರಲು ಹಾಕಿಕೊಟ್ಟರು.

"ಲಲಿತಮ್ಮ, ನನ್ನಿಂದ ನಿಮ್ಮ ಕೆಲಸ ಹೋಯ್ತು. ತಪ್ಪಾಯ್ತು" ಎಂದೆ. ಆ ಮಾತನ್ನು ಹೇಳಲು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋಗಿದ್ದೆ.

ಆಕೆ ನಕ್ಕರು. "ನಿಮ್ಮಿಂದ ಯಾಕೆ ಹೋಗ್ಬೇಕು? ಹನಿ ಹಾಕಿದ್ದು ನಾನು. ಯಾರೂ ನನ್ನ ಕೈ ಹಿಡಿದು ಹಾಕಿಸ್ಲಿಲ್ಲ. ಅಷ್ಟು ಓದಿದವರು ನಿಂತು ನನ್ನ ಮಾತು ಬರ್ಕೊಂಡ್ರು. ಅದು ನಂಗಿರಲಿ."

ಮನಸ್ಸು ಹಗುರಾಯಿತು. ಬಂದ ಕೆಲಸ ಮುಗಿಯಿತು ಎಂದುಕೊಂಡು ಏಳುತ್ತಿದ್ದೆ.

"ಅಲ್ಲ ಮೇಷ್ಟ್ರೆ, ಒಂದು ಕೇಳ್ತೀನಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಗೊತ್ತಿಲ್ಲದ್ದನ್ನು ಕೇಳುವವರ ದನಿ ಅದು. "ಆಗದೆ ಇದ್ದ ಬಾಟ್ಲಿಗಳನ್ನ ಬರೀಬೇಡ ಅಂತ ಮೊದಲು ಅಂದಿದ್ದು ನೀವಂತೆ, ಹೌದಾ?"

"ಹೌದು."

"ನಾನೂ ಹೇಳಬೇಡ ಅಂದೆ. ನಾನು ಅಂದಿದ್ದು ಹೊಟ್ಟೆಪಾಡಿಗೆ. ನಿಮ್ಮದು ಸರ್ಕಾರಿ ಕೆಲಸ, ಬಣ್ಣ ಬರದೆ ಇದ್ರೆ ಯಾರೂ ನಿಮ್ಮನ್ನ ತೆಗೀತಿರಲಿಲ್ಲ. ನೀವು ಎಂತಕ್ಕೆ ಅಂದ್ರಿ?"

ಗಂಜಿಯಲ್ಲಿ ಅದ್ದಿದ ಬೆರಳು, ಬೆನ್ನು ತಟ್ಟಿದ ಸಾಹೇಬರು ನೆನಪಾದರು. ಏಳುತ್ತಿದ್ದವನು ಮತ್ತೆ ಡಬ್ಬದ ಮೇಲೆ ಕೂತೆ. ಆಕೆ ನನ್ನ ಮುಖ ನೋಡಿ, ಮತ್ತೊಂದು ಚೀಲ ಎತ್ತಿಕೊಂಡು ಮಣ್ಣು ತುಂಬತೊಡಗಿದರು.